ಛಿನ್ನಕ ಚೀವರ: ತುಂಡುಬಟ್ಟೆಯ ಜೋಡಣೆಯನ್ನು ಕಲಿಸಿದ ಒಂದು ಪ್ರಾಚೀನ ಕ್ರಮ

೧

ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿ ಹೊಲಿದ ಹೊದಿಕೆಗೆ ಸಂಸ್ಕೃತದಲ್ಲಿ ಕಂಥಾ ಎಂದೂ, ಕನ್ನಡದಲ್ಲಿ ಕಂತೆ, ಕೌದಿ, ಕವುದಿ, ಬೊಂತೆ ಮುಂತಾಗಿಯೂ ಹೆಸರುಗಳುಂಟು. ಭರ್ತೃಹರಿಯ ಶತಕಗಳಲ್ಲಿ ಕಂಥೆಯು ವಿರಕ್ತನ ಹೊದಿಕೆಯಾಗಿ ಬರುತ್ತದೆ. ಕನ್ನಡದ ಆಡುಮಾತಿನಲ್ಲಿ ಕಂತೆಯೆಂಬ ಶಬ್ದವು ಇನ್ನೂ ಕೆಳಗಿಳಿದು, ಕ್ರಮವಿಲ್ಲದ ರಾಶಿಯೆಂಬ ಅರ್ಥವನ್ನು ಪಡೆದಿದೆ. 'ಅಂತೆಕಂತೆ'ಯ ಮಾತೆಂದರೆ ಪ್ರಮಾಣವಿಲ್ಲದ ಮಾತೆಂದು ಎಲ್ಲರೂ ಬಲ್ಲರು. ಹೀಗೆ ಶಬ್ದದ ಅರ್ಥವು ಕುಗ್ಗಿದಂತೆ, ವಸ್ತುವಿನ ವಿಷಯದಲ್ಲಿಯೂ ಒಂದು ಅಭಿಪ್ರಾಯವು ಬೇರೂರಿದೆ. ತುಂಡುಬಟ್ಟೆಯ ಜೋಡಣೆಯು ಬಡತನದ ಉಪಾಯವೇ ಹೊರತು ವಿದ್ಯೆಯಲ್ಲ. ಅದಕ್ಕೆ ಲಕ್ಷಣವಿಲ್ಲ, ಪರಿಭಾಷೆಯಿಲ್ಲ, ಕಲಿಸುವ ಕ್ರಮವೂ ಇಲ್ಲ ಎಂಬುದೇ ಆ ಅಭಿಪ್ರಾಯವು.

ಈ ಅಭಿಪ್ರಾಯಕ್ಕೆ ಆಧಾರವೆಂಬಂತೆ ತೋರುವ ಸಂಗತಿಯೊಂದುಂಟು. ಪ್ರಸಿದ್ಧವಾದ ಶಿಲ್ಪಗ್ರಂಥಗಳು ಗೃಹ, ದೇವಾಲಯ, ಪ್ರತಿಮೆ, ಚಿತ್ರ ಇವುಗಳ ಮಾನಗಳನ್ನು ವಿಸ್ತಾರವಾಗಿ ಹೇಳುತ್ತವೆ. ಸೂಜಿಯ ಕೆಲಸಕ್ಕೆ ಅವುಗಳಲ್ಲಿ ಅಂತಹ ಸ್ಥಾನವು ದೊರೆತಿಲ್ಲ. ಆದರೂ ಸಂಸ್ಕೃತ ಪರಂಪರೆಯು ಈ ಕೆಲಸವನ್ನು ಸಂಪೂರ್ಣವಾಗಿ ಮರೆತಿತೆಂದು ಹೇಳಲಾಗುವುದಿಲ್ಲ. ವಾತ್ಸ್ಯಾಯನನು ಕಾಮಸೂತ್ರದ ವಿದ್ಯಾಸಮುದ್ದೇಶಾಧ್ಯಾಯದಲ್ಲಿ ಎಣಿಸಿರುವ ಅರುವತ್ತನಾಲ್ಕು ಕಲೆಗಳಲ್ಲಿ ಸೂಚೀವಾನಕರ್ಮವು ಒಂದಾಗಿದೆ. ಜಯಮಂಗಲಾ ವ್ಯಾಖ್ಯಾನವನ್ನು ರಚಿಸಿದ ಯಶೋಧರನು ಇದನ್ನು ಸೀವನ, ಊತನ, ವಿರಚನ ಎಂದು ಮೂರಾಗಿ ವಿಭಾಗಿಸಿದ್ದಾನೆ. ಕಂಚುಕ ಮೊದಲಾದ ಉಡುಪುಗಳನ್ನು ಹೊಲಿಯುವುದು ಸೀವನ; ಹರಿದ ಬಟ್ಟೆಯನ್ನು ಸರಿಪಡಿಸುವುದು ಊತನ; ಕುಥ, ಆಸ್ತರಣ ಮೊದಲಾದ ಹಾಸುಹೊದಿಕೆಗಳನ್ನು ಸೂಜಿಯಿಂದ ನಿರ್ಮಿಸುವುದು ವಿರಚನ. ಕಾವ್ಯವನ್ನು ಕಟ್ಟುವ ಕಾರ್ಯಕ್ಕೆ ಯಾವ ಶಬ್ದವು ಸಲ್ಲುವುದೋ ಅದೇ ಶಬ್ದವು ಇಲ್ಲಿ ಹೊದಿಕೆಯನ್ನು ಕಟ್ಟುವ ಕಾರ್ಯಕ್ಕೆ ಬಂದಿರುವುದು ಗಮನಿಸತಕ್ಕ ಅಂಶವಾಗಿದೆ. ಹರಿದುದನ್ನು ಸರಿಪಡಿಸುವುದು ಬೇರೆ, ಹೊಸದಾಗಿ ಒಂದನ್ನು ರಚಿಸುವುದು ಬೇರೆ ಎಂಬ ವಿವೇಕವು ಯಶೋಧರನಿಗೆ ಸ್ಪಷ್ಟವಾಗಿದ್ದಿತು.

ಆದರೆ ಯಶೋಧರನು ಹೆಸರನ್ನು ಮಾತ್ರ ಕೊಟ್ಟು ಮುಂದೆ ಸಾಗುತ್ತಾನೆ. ಸೂಜಿಯನ್ನು ಹಿಡಿದೇ ಅರಿಯದವನಿಗೆ ಈ ವಿರಚನವನ್ನು ಹೇಗೆ ಕಲಿಸುತ್ತಿದ್ದರು? ತುಂಡುಗಳನ್ನು ಯಾವ ಕ್ರಮದಲ್ಲಿ ಕತ್ತರಿಸಿ, ಯಾವ ಕ್ರಮದಲ್ಲಿ ಕೂಡಿಸುತ್ತಿದ್ದರು? ಈ ಪ್ರಶ್ನೆಗಳಿಗೆ ಉತ್ತರವು ಕಲಾಗ್ರಂಥಗಳಲ್ಲಿ ದೊರೆಯದೆ, ಯಾರೂ ನಿರೀಕ್ಷಿಸದ ಬೇರೊಂದು ಸ್ಥಳದಲ್ಲಿ ದೊರೆಯುತ್ತದೆ. ಅದು ಬೌದ್ಧಭಿಕ್ಷುಗಳ ಆಚಾರವನ್ನು ವಿಧಿಸುವ ಪಾಲಿಭಾಷೆಯ ವಿನಯಪಿಟಕ. ಹರ್ಮನ್ ಓಲ್ಡನ್‌ಬರ್ಗ್ ಪಂಡಿತರು ೧೮೭೯ರಿಂದ ೧೮೮೩ರವರೆಗೆ ಐದು ಸಂಪುಟಗಳಲ್ಲಿ ಇದನ್ನು ಪರಿಷ್ಕರಿಸಿ ಪ್ರಕಟಿಸಿದ ಮೇಲೆ ಇದರ ಪಾಠವು ಎಲ್ಲ ವಿದ್ವಾಂಸರ ಕೈಗೂ ಸುಲಭವಾಗಿ ಸಿಕ್ಕುವಂತಾಯಿತು. ಧರ್ಮದ ಮತ್ತು ಸಮಾಜದ ಇತಿಹಾಸಕ್ಕಾಗಿ ಈ ಗ್ರಂಥವನ್ನು ಬಹುಮಂದಿ ಶೋಧಿಸಿರುವರು. ಜೋಡಣೆಯ ವಿದ್ಯೆಯನ್ನು ಆರಂಭಿಕರಿಗೆ ಬೋಧಿಸುವ ಪಾಠವಾಗಿಯೂ ಇದನ್ನು ಓದಬಹುದೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶವು.

೨

ಮುಖ್ಯ ವಿಷಯವನ್ನು ಪ್ರವೇಶಿಸುವ ಮೊದಲು ಶಬ್ದವಿಚಾರದಲ್ಲಿ ಒಂದು ಎಚ್ಚರಿಕೆಯು ಅವಶ್ಯಕ. ಕಂಥಾಶಬ್ದವು ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಬಂದಿರುವುದರಿಂದ ಹೊಲಿದ ಹೊದಿಕೆಯು ಪಾಣಿನಿಯ ಕಾಲಕ್ಕೇ ಸಿದ್ಧವೆಂದು ವಾದಿಸುವುದು ಸುಲಭ. ಆದರೆ ಆ ಸೂತ್ರಗಳ ಪ್ರಕರಣವನ್ನು ನೋಡಿದರೆ ಈ ವಾದವು ನಿಲ್ಲುವುದಿಲ್ಲ. ೨-೪-೨೦ನೆಯ ಸೂತ್ರವು, ಉಶೀನರ ದೇಶದಲ್ಲಿ ಹೆಸರಾಗಿ ನಿಂತ, ಕಂಥಾ ಎಂದು ಮುಗಿಯುವ ತತ್ಪುರುಷಕ್ಕೆ ನಪುಂಸಕಲಿಂಗವನ್ನು ವಿಧಿಸುತ್ತದೆ. ಕಾಶಿಕಾವೃತ್ತಿಯು ಇದಕ್ಕೆ ಸೌಶಮಿಕಂಥ, ಆಹ್ವರಕಂಥ ಎಂಬ ಉದಾಹರಣೆಗಳನ್ನು ಕೊಡುತ್ತದೆ. ಇವು ಊರುಗಳ ಹೆಸರುಗಳು. ೪-೨-೧೦೨ ಮತ್ತು ೧೦೩ನೆಯ ಸೂತ್ರಗಳೂ ಸ್ಥಳಸಂಬಂಧವಾದ ತದ್ಧಿತಗಳನ್ನೇ ಹೇಳುತ್ತವೆ. ಇಲ್ಲಿಯ ಕಂಥೆಯು ಊರು ಎಂಬ ಅರ್ಥದ ಪಶ್ಚಿಮೋತ್ತರ ದೇಶದ ಶಬ್ದವೆಂದು ವಾಸುದೇವಶರಣ ಅಗ್ರವಾಲರು ವಿವರಿಸಿದ್ದಾರೆ. ಆದಕಾರಣ ರೂಪಸಾಮ್ಯದಿಂದ ಮೋಸಹೋಗಿ ಪಾಣಿನಿಯನ್ನು ಕೌದಿಗೆ ಸಾಕ್ಷಿಯಾಗಿ ಕರೆಯುವುದು ಸಾಧುವಲ್ಲ.

ಅಮರಸಿಂಹನಲ್ಲಿ ದೊರೆಯುವ ಸಾಕ್ಷ್ಯವು ಇದಕ್ಕಿಂತ ಉಪಯುಕ್ತವಾದುದು. ಅವನು ಜೀರ್ಣವಸ್ತ್ರಕ್ಕೆ ಪಟಚ್ಚರವೆಂಬ ಹೆಸರನ್ನೂ, ಬಟ್ಟೆಯ ತುಂಡಿಗೆ ನಕ್ತಕ, ಕರ್ಪಟ ಎಂಬ ಹೆಸರುಗಳನ್ನೂ ಹೇಳಿ, ಹೊಲಿಯುವವನಿಗೆ ತುನ್ನವಾಯ, ಸೌಚಿಕ ಎಂಬ ಹೆಸರುಗಳನ್ನು ಕೊಟ್ಟಿದ್ದಾನೆ. ಕನ್ನಡದ ಕಪ್ಪಡವು ಈ ಕರ್ಪಟದ ತದ್ಭವವೇ ಆಗಿದೆ. ಹೀಗೆ ಕೋಶಕಾರನಲ್ಲಿ ದ್ರವ್ಯಕ್ಕೂ ಕರ್ತೃವಿಗೂ ಶಬ್ದಗಳುಂಟು. ಕ್ರಿಯೆಯ ಅಂಗಾಂಗಗಳಿಗೆ ಮಾತ್ರ ಶಬ್ದಗಳಿಲ್ಲ. ಆ ಕೊರತೆಯನ್ನು ವಿನಯಪಿಟಕವು ತುಂಬಿಕೊಡುತ್ತದೆ.

೩

ಮಹಾವಗ್ಗದ ಎಂಟನೆಯ ಭಾಗಕ್ಕೆ ಚೀವರಕ್ಖಂಧಕವೆಂದು ಹೆಸರು. ಅದರಲ್ಲಿ ಹೇಳಿರುವ ವೃತ್ತಾಂತದ ಸಾರಾಂಶವು ಹೀಗಿದೆ. ಬುದ್ಧನು ರಾಜಗೃಹದಿಂದ ದಕ್ಷಿಣಾಗಿರಿಯ ಕಡೆಗೆ ಸಂಚರಿಸುತ್ತಿರುವಾಗ ಮಗಧದೇಶದ ಗದ್ದೆಗಳನ್ನು ನೋಡುತ್ತಾನೆ. ಅವು ಪಟ್ಟೆಪಟ್ಟೆಯಾಗಿ, ಸಾಲುಸಾಲಾಗಿ, ಬದುಗಳಿಂದ ಬೇರ್ಪಟ್ಟು, ಅಲ್ಲಲ್ಲಿ ಬದುಗಳು ಒಂದನ್ನೊಂದು ಕೂಡುವಂತೆ ಇದ್ದುವು. ಭಿಕ್ಷುಗಳ ಚೀವರಗಳನ್ನು ಈ ರೀತಿಯಲ್ಲಿ ರಚಿಸಲು ಸಾಧ್ಯವೇ ಎಂದು ಅವನು ಆನಂದನನ್ನು ಕೇಳುತ್ತಾನೆ. ಆನಂದನು ಒಪ್ಪಿಕೊಂಡು, ಅನೇಕ ಭಿಕ್ಷುಗಳಿಗೆ ಚೀವರಗಳನ್ನು ಸಿದ್ಧಪಡಿಸಿ, ರಾಜಗೃಹಕ್ಕೆ ಹಿಂದಿರುಗಿದ ಮೇಲೆ ತೋರಿಸುತ್ತಾನೆ. ಸಂಕ್ಷೇಪವಾಗಿ ಹೇಳಿದುದರ ಅರ್ಥವನ್ನು ವಿಸ್ತಾರವಾಗಿ ತಿಳಿದುಕೊಂಡನೆಂದು ಬುದ್ಧನು ಅವನ ಪ್ರಜ್ಞೆಯನ್ನು ಪ್ರಶಂಸಿಸಿ, ಆ ಚೀವರದ ಅಂಗಗಳನ್ನು ಒಂದೊಂದಾಗಿ ಹೆಸರಿಸುತ್ತಾನೆ.

ಆ ಅಂಗಗಳು ಒಂಬತ್ತು: ಕುಸಿ, ಅಡ್ಢಕುಸಿ, ಮಂಡಲ, ಅಡ್ಢಮಂಡಲ, ವಿವಟ್ಟ, ಅನುವಿವಟ್ಟ, ಗೀವೇಯ್ಯಕ, ಜಂಘೇಯ್ಯಕ, ಬಾಹಂತ. ಸಮಂತಪಾಸಾದಿಕೆಯೆಂಬ ಅಟ್ಠಕಥೆಯ ನೆರವಿನಿಂದ ಇವುಗಳ ಅರ್ಥವನ್ನು ಹೀಗೆ ತಿಳಿಯಬಹುದು. ಗದ್ದೆಯ ಉದ್ದವಾದ ಬದುವಿನಂತೆ ಇರುವ ಪಟ್ಟಿಯು ಕುಸಿ. ನಡುನಡುವೆ ಬರುವ ಗಿಡ್ಡ ಬದುವಿನಂತಹ ಪಟ್ಟಿಯು ಅಡ್ಢಕುಸಿ. ಬದುಗಳ ನಡುವಣ ದೊಡ್ಡ ಗದ್ದೆಯಂತಹ ತುಂಡು ಮಂಡಲ, ಚಿಕ್ಕ ಗದ್ದೆಯಂತಹ ತುಂಡು ಅಡ್ಢಮಂಡಲ. ಮಂಡಲವನ್ನೂ ಅಡ್ಢಮಂಡಲವನ್ನೂ ಕೂಡಿಸಿ ಹೊಲಿದ ನಡುವಣ ಖಂಡಕ್ಕೆ ವಿವಟ್ಟವೆಂದು ಹೆಸರು. ಅದರ ಎರಡು ಪಕ್ಕದ ಖಂಡಗಳಿಗೆ ಅನುವಿವಟ್ಟಗಳೆಂದು ಹೆಸರು. ಕೊರಳು ತಾಗುವೆಡೆಯಲ್ಲಿ ಭದ್ರತೆಗಾಗಿ ಸೇರಿಸಿದ ಬಟ್ಟೆಯು ಗೀವೇಯ್ಯಕ, ಮೊಣಕಾಲ ಕೆಳಗಣ ಜಂಘೆಯು ತಾಗುವೆಡೆಯದು ಜಂಘೇಯ್ಯಕ. ತೋಳಿನ ಮೇಲೆ ಬರುವ ಹೊರಗಿನ ಖಂಡಗಳು ಬಾಹಂತಗಳು.

ಈ ಪರಿಭಾಷೆಯ ಕ್ರಮವು ವಿಚಾರಾರ್ಹವಾಗಿದೆ. ಮೊದಲು ಬದುಗಳನ್ನೂ, ಬಳಿಕ ಗದ್ದೆಗಳನ್ನೂ, ಬಳಿಕ ಅವೆರಡರಿಂದಾದ ಖಂಡಗಳನ್ನೂ, ಕಡೆಯಲ್ಲಿ ದೇಹದ ಅವಯವಗಳಿಗೆ ಸಂಬಂಧಿಸಿದ ಭಾಗಗಳನ್ನೂ ಹೇಳಿದೆ. ಕಲಿಯುವವನು ಸಣ್ಣ ಅಂಗದಿಂದ ದೊಡ್ಡ ಅಂಗಕ್ಕೆ ಏರಬೇಕೆಂಬುದು ಇಲ್ಲಿ ಸೂಚಿತವಾಗಿದೆ. ಐದು ಖಂಡಗಳ ಚೀವರವನ್ನು ದೃಷ್ಟಾಂತವಾಗಿ ಇಟ್ಟುಕೊಂಡರೆ, ಒಂದೊಂದು ಖಂಡಕ್ಕೆ ಒಂದು ಮಂಡಲ, ಒಂದು ಅಡ್ಢಮಂಡಲ, ಅವುಗಳ ನಡುವೆ ಒಂದು ಅಡ್ಢಕುಸಿ. ಇಂತಹ ಐದು ಖಂಡಗಳ ನಡುವೆ ನಾಲ್ಕು ಕುಸಿಗಳು. ಒಟ್ಟು ಗದ್ದೆಗಳು ಹತ್ತು. ಇಡೀ ಚೀವರವನ್ನು ಒಮ್ಮೆಗೇ ನೋಡಿದವನಿಗೆ ಅದು ಬಗೆಹರಿಯದ ತೊಡಕಾಗಿ ಕಾಣಬಹುದು. ಒಂದು ಖಂಡವನ್ನು ಕಟ್ಟಲು ಬಲ್ಲವನಿಗೆ ಉಳಿದ ನಾಲ್ಕು ಅದರ ಆವೃತ್ತಿಗಳು ಮಾತ್ರ. ಈಗಲೂ ರೂಢಿಯಲ್ಲಿರುವ ಚೀವರಗಳಲ್ಲಿ ಒಂದು ಖಂಡದ ಅಡ್ಢಕುಸಿಯು ಪಕ್ಕದ ಖಂಡದ ಅಡ್ಢಕುಸಿಯ ನೇರಕ್ಕೆ ಬಾರದಂತೆ ಮಂಡಲವೂ ಅಡ್ಢಮಂಡಲವೂ ಮೇಲುಕೆಳಗಾಗಿ ಬದಲಾಗುತ್ತವೆ. ಇದರಿಂದ ನಾಲ್ಕು ಹೊಲಿಗೆಗಳು ಒಂದೇ ಬಿಂದುವಿನಲ್ಲಿ ಕೂಡಿ ದಪ್ಪವಾಗುವ ದೋಷವು ತಪ್ಪುತ್ತದೆ. ಖಂಡಗಳ ಸಂಖ್ಯೆಯು ಐದು, ಏಳು, ಒಂಬತ್ತು ಎಂದು ವಿಷಮವಾಗಿಯೇ ಇರುವುದರಿಂದ ನಡುವೆ ಒಂದು ವಿವಟ್ಟವು ತಪ್ಪದೆ ನಿಲ್ಲುತ್ತದೆ. ಎರಡು ಪಕ್ಕಗಳೂ ಅದನ್ನು ಅನುಸರಿಸುತ್ತವೆ.

ಬಟ್ಟೆಯನ್ನು ಕತ್ತರಿಸುವುದೇಕೆಂಬುದಕ್ಕೂ ಗ್ರಂಥದಲ್ಲಿ ಕಾರಣವನ್ನು ಹೇಳಿದೆ. ಕತ್ತರಿಸಿದ ಬಟ್ಟೆಯು ಶ್ರಮಣರಿಗೆ ಯೋಗ್ಯವಾದುದು. ಶತ್ರುಗಳು ಅದನ್ನು ಬಯಸುವುದಿಲ್ಲ. ಅಖಂಡವಾದ ಬಟ್ಟೆಗೆ ಪೇಟೆಯಲ್ಲಿ ಬೆಲೆಯುಂಟು. ಖಂಡಖಂಡವಾದ ಬಟ್ಟೆಗೆ ಬೆಲೆಯಿಲ್ಲ. ಹೀಗೆ ಲೋಕದ ದೃಷ್ಟಿಯಲ್ಲಿ ಬೆಲೆಯನ್ನು ಕಳೆದುಕೊಂಡ ವಸ್ತುವಿಗೆ ಕ್ರಮದಿಂದ ಮಾತ್ರವೇ ಶೋಭೆಯು ಬರಬೇಕು. ಈ ಕಾರಣದಿಂದಲೇ ಸಂಘಾಟಿ, ಉತ್ತರಾಸಂಗ, ಅಂತರವಾಸಕ ಎಂಬ ಮೂರು ವಸ್ತ್ರಗಳೂ ಛಿನ್ನಕ, ಎಂದರೆ ಕತ್ತರಿಸಿ ಕೂಡಿಸಿದವು, ಆಗಿರಬೇಕೆಂದು ವಿಧಿಸಲಾಯಿತು. ಬಡವನು ಬೇರೆ ಗತಿಯಿಲ್ಲದೆ ತುಂಡುಗಳನ್ನು ಕೂಡಿಸುತ್ತಾನೆಂಬ ಸಾಮಾನ್ಯ ನಂಬಿಕೆಗೆ ಇದು ನೇರವಾಗಿ ವಿರುದ್ಧವಾದುದು. ಇಲ್ಲಿ ಅಖಂಡವಾಗಿದ್ದ ಬಟ್ಟೆಯನ್ನೂ ಉದ್ದೇಶಪೂರ್ವಕವಾಗಿ ಕತ್ತರಿಸಿ ಕೂಡಿಸಬೇಕಾಗಿದ್ದಿತು.

೪

ಯೋಜನೆಯನ್ನು ತಿಳಿಯುವುದು ಒಂದು ಕಷ್ಟ, ಅದನ್ನು ಕೈಯಿಂದ ಸಾಧಿಸುವುದು ಇನ್ನೊಂದು ಕಷ್ಟ. ಸಂಘವನ್ನು ಸೇರಿದವರಲ್ಲಿ ಕ್ಷತ್ರಿಯರು, ಬ್ರಾಹ್ಮಣರು, ವರ್ತಕರ ಮಕ್ಕಳು ಮುಂತಾಗಿ ಎಲ್ಲ ವರ್ಗದವರೂ ಇದ್ದರು. ಅವರಲ್ಲಿ ಬಹುಮಂದಿಗೆ ಹೊಲಿಗೆಯ ಅಭ್ಯಾಸವಿದ್ದಿರಲಾರದು. ಚುಲ್ಲವಗ್ಗದ ಐದನೆಯ ಖಂಧಕದಲ್ಲಿ ಇಂತಹ ಆರಂಭಿಕರು ಎಸಗಿದ ದೋಷಗಳೂ, ಒಂದೊಂದು ದೋಷಕ್ಕೆ ದೊರೆತ ಪರಿಹಾರವೂ ಸಾಲಾಗಿ ಬಂದಿವೆ. ವಿನಯಗ್ರಂಥದ ಶೈಲಿಯೇ ಹಾಗೆ: ಮೊದಲು ಪ್ರಸಂಗ, ಆಮೇಲೆ ಅನುಜ್ಞೆ. ಈ ಶೈಲಿಯಿಂದಾಗಿ ಹೊಲಿಗೆಯ ಪಾಠವೊಂದು ತಾನಾಗಿಯೇ ಸಿದ್ಧವಾಗಿದೆ.

ಭಿಕ್ಷುಗಳು ಬಟ್ಟೆಯನ್ನು ಕೈಯಿಂದ ಹರಿದು ಹೊಲಿದರು, ಚೀವರವು ಓರೆಯಾಯಿತು. ಅದಕ್ಕಾಗಿ ಕತ್ತರಿಸುವ ಅಲಗು ಅನುಮತವಾಯಿತು. ಕೋಳಿಯ ಗರಿಯಿಂದಲೂ ಬಿದಿರಿನ ಸಿಬಿರಿನಿಂದಲೂ ಹೊಲಿದರು; ಹೊಲಿಗೆಯು ಕೆಟ್ಟಿತು. ಅದಕ್ಕಾಗಿ ಸೂಜಿಯು ಬಂದಿತು. ಸೂಜಿಗೆ ತುಕ್ಕು ಹಿಡಿಯಿತು. ಸೂಜಿಯ ನಳಿಗೆಯೂ, ಅದರಲ್ಲಿ ತುಂಬುವ ಪುಡಿಗಳೂ, ಮೇಣವೂ ಬಂದುವು. ನೆಲದ ಮೇಲೆ ಅಲ್ಲಲ್ಲಿ ಗೂಟಗಳನ್ನು ನೆಟ್ಟು ಬಟ್ಟೆಯನ್ನು ಕಟ್ಟಿ ಹೊಲಿದರು, ಮೂಲೆಗಳು ಸೊಟ್ಟಗಾದುವು. ಅದಕ್ಕಾಗಿ ಬಟ್ಟೆಯನ್ನು ಬಿಗಿದು ಹಿಡಿಯುವ ಕಠಿನವೆಂಬ ಚೌಕಟ್ಟೂ ಅದಕ್ಕೆ ಕಟ್ಟುವ ಹಗ್ಗವೂ ಬಂದುವು. ಚೌಕಟ್ಟನ್ನು ಏರುತಗ್ಗಿನ ನೆಲದ ಮೇಲೆ ಹಾಸಿದಾಗ ಅದು ಮುರಿಯಿತು. ಸಮನೆಲದ ಮೇಲೆ ಹುಲ್ಲಿನ ಚಾಪೆಯನ್ನು ಹಾಸಿ ಇಡಬೇಕೆಂದಾಯಿತು. ಬೆರಳುಗಳಿಗೆ ಸೂಜಿಯು ಚುಚ್ಚಿ ನೋವಾಯಿತು. ಬೆರಳಿಗೆ ತೊಡಿಸುವ ಪಟಿಗ್ಗಹವೆಂಬ ಕವಚವು ಬಂದಿತು. ಕೆಲವರು ಅದನ್ನೂ ಬೆಳ್ಳಿಬಂಗಾರಗಳಿಂದ ಮಾಡಿಸಿಕೊಂಡರು. ಅದು ನಿಷಿದ್ಧವಾಗಿ, ಎಲುಬು, ಕೊಂಬು ಮುಂತಾದವುಗಳಿಂದ ಮಾಡಿದುದು ಮಾತ್ರ ಉಳಿಯಿತು. ಕಡೆಗೆ ಹೊಲಿಯುವುದಕ್ಕಾಗಿಯೇ ಕಠಿನಶಾಲೆಯೆಂಬ ಪ್ರತ್ಯೇಕ ಕಟ್ಟಡವೂ ಅನುಮತವಾಯಿತು.

ಈ ಸಾಲಿನಲ್ಲಿ ಎರಡು ಉಪಕರಣಗಳು ವಿಶೇಷವಾಗಿ ಮುಖ್ಯವಾದುವು. ಹೊಲಿಗೆಗಳ ನಡುವಣ ಅಂತರವು ಒಂದೆಡೆ ಹೆಚ್ಚಾಗಿ ಒಂದೆಡೆ ಕಡಿಮೆಯಾಗಿ ವಿಷಮವಾದಾಗ ಕಳಿಂಭಕವೆಂಬ ಅಳತೆಯ ಗುರುತು ಬಂದಿತು. ಹೊಲಿಗೆಯ ಸಾಲು ಡೊಂಕಾದಾಗ ಮೋಘಸುತ್ತಕವು ಬಂದಿತು. ಮೋಘಸೂತ್ರವೆಂದರೆ ವ್ಯರ್ಥವಾದ ದಾರ. ಹೊಲಿಯಲು ಬಾರದ, ಗುರುತಿಗೆ ಮಾತ್ರ ಒದಗುವ ದಾರ. ಬಡಗಿಗಳು ಮರದ ಮೇಲೆ ಕಪ್ಪುದಾರವನ್ನು ಮಿಡಿದು ಗೆರೆಯನ್ನೆಳೆಯುವಂತೆ ಇಲ್ಲಿ ಅರಿಸಿನದ ದಾರದಿಂದ ಗೆರೆಯನ್ನೆಳೆಯಬೇಕೆಂದು ಅಟ್ಠಕಥಾಕಾರನು ವಿವರಿಸುತ್ತಾನೆ. ಕೈಗೆ ಅಭ್ಯಾಸವು ಬರುವವರೆಗೆ ಕಣ್ಣಿಗೆ ಒಂದು ಆಲಂಬನವು ಬೇಕೆಂಬ ತತ್ತ್ವವು ಈ ದಾರದಲ್ಲಿ ಅಡಗಿದೆ. ಅರಿಸಿನದ ಗೆರೆಯು ಹೊಲಿಗೆಯನ್ನು ತಿದ್ದಿ, ಬಟ್ಟೆಯನ್ನು ಒಗೆದಾಗ ಕ್ರಮೇಣ ಮಾಸಿಹೋಗುತ್ತದೆ, ಹೊಲಿಗೆಯು ಉಳಿಯುತ್ತದೆ.

ಈ ಗುರುತುಗಳ ಅವಶ್ಯಕತೆಯನ್ನು ಲೆಕ್ಕದಿಂದಲೂ ತೋರಿಸಬಹುದು. ಒಂದು ಅಂಚನ್ನು ಇನ್ನೊಂದು ಅಂಚಿಗೆ ಕೂಡಿಸುವಾಗ ಹೊಲಿಗೆಯ ಒಳಗೆ ಸ್ವಲ್ಪ ಬಟ್ಟೆಯು ಅಡಗುತ್ತದೆ. ಹರಿದ ಬಟ್ಟೆಗೆ ತೇಪೆ ಹಾಕುವವನಿಗೆ ಅದು ಒಂದು ಜವೆಯಷ್ಟು ಹೆಚ್ಚು ಕಡಿಮೆಯಾದರೂ ನಷ್ಟವಿಲ್ಲ. ಆದರೆ ಐದು ಖಂಡಗಳನ್ನು ಸಾಲಾಗಿ ಕೂಡಿಸುವವನು ಒಂದೊಂದು ಸಂಧಿಯಲ್ಲಿ ಒಂದೊಂದು ಜವೆಯಷ್ಟು ತಪ್ಪಿದರೆ, ನಾಲ್ಕು ಸಂಧಿಗಳನ್ನು ದಾಟುವಷ್ಟರಲ್ಲಿ ನಾಲ್ಕು ಜವೆಗಳಷ್ಟು ತಪ್ಪು ಸೇರಿಕೊಂಡು ಅಂಚುಗಳು ಕೂಡುವುದೇ ಇಲ್ಲ. ತಪ್ಪಿನ ಕಾರಣವು ಮೊದಲನೆಯ ಸಂಧಿಯಲ್ಲಿರುತ್ತದೆ, ಅದರ ಫಲವು ಕಡೆಯ ಸಂಧಿಯಲ್ಲಿ ಕಾಣುತ್ತದೆ. ಯಾವ ದೇಶದಲ್ಲಿಯಾದರೂ ತುಂಡುಗಳ ಜೋಡಣೆಯನ್ನು ಕಲಿಯುವ ಆರಂಭಿಕನನ್ನು ಎದೆಗೆಡಿಸುವ ದೋಷವು ಇದೇ. ಕಳಿಂಭಕ ಮತ್ತು ಮೋಘಸೂತ್ರಗಳು ಈ ದೋಷವನ್ನು ಹುಟ್ಟುವೆಡೆಯಲ್ಲಿಯೇ ತಡೆಯುತ್ತವೆ.

೫

ಹೊಲಿಗೆಯ ಹಂತಗಳನ್ನು ಕ್ರಮವಾಗಿ ತಿಳಿಯಬೇಕಾದರೆ ಮಹಾವಗ್ಗದ ಏಳನೆಯ ಭಾಗವಾದ ಕಠಿನಕ್ಖಂಧಕವನ್ನು ನೋಡಬೇಕು. ವರ್ಷಾವಾಸವು ಮುಗಿದ ಮೇಲೆ ಸಂಘಕ್ಕೆ ಬಂದ ಬಟ್ಟೆಯನ್ನು ಒಬ್ಬ ಭಿಕ್ಷುವಿಗೆ ಕೊಟ್ಟು, ಅದನ್ನು ಅದೇ ದಿನದಲ್ಲಿ ಚೀವರವನ್ನಾಗಿ ಮಾಡಿ ಮುಗಿಸುವ ಕಠಿನವೆಂಬ ಕರ್ಮವು ಅಲ್ಲಿ ವಿಧಿಸಲ್ಪಟ್ಟಿದೆ. ಬಟ್ಟೆಯನ್ನು ಬಿಗಿಯುವ ಚೌಕಟ್ಟಿನ ಹೆಸರೇ ಈ ಕರ್ಮಕ್ಕೂ ಬಂದಿದೆ. ಚೀವರವು ಐದು ಅಥವಾ ಅದಕ್ಕಿಂತ ಹೆಚ್ಚು ಖಂಡಗಳದಾಗಿ, ಅದೇ ದಿನ ಕತ್ತರಿಸಿ ಮಂಡಲಗಳೊಡನೆ ಕೂಡಿಸಿದುದಾಗಿರಬೇಕು. ಯಾವಾಗ ಈ ಕರ್ಮವು ಸಿದ್ಧವಾಗುವುದಿಲ್ಲವೆಂಬುದನ್ನು ಹೇಳುವಾಗ ಗ್ರಂಥವು ಕೆಲಸದ ಒಂದೊಂದು ಹೆಜ್ಜೆಯನ್ನೂ ಎಣಿಸುತ್ತದೆ. ಗುರುತು ಹಾಕಿದ ಮಾತ್ರಕ್ಕೆ ಆಗದು. ಒಗೆದ ಮಾತ್ರಕ್ಕೆ, ಲೆಕ್ಕಹಾಕಿ ಯೋಜಿಸಿದ ಮಾತ್ರಕ್ಕೆ, ಕತ್ತರಿಸಿದ ಮಾತ್ರಕ್ಕೆ, ದೂರದೂರವಾಗಿ ಹೊಲಿದು ತಾತ್ಕಾಲಿಕವಾಗಿ ಬಂಧಿಸಿದ ಮಾತ್ರಕ್ಕೆ, ಅಂಚುಗಳನ್ನು ಮಡಿಸಿದ ಮಾತ್ರಕ್ಕೆ, ಭದ್ರಪಡಿಸಿದ ಮಾತ್ರಕ್ಕೆ, ಸುತ್ತಣ ಪಟ್ಟಿಯನ್ನು ಕೊಟ್ಟ ಮಾತ್ರಕ್ಕೆ ಆಗದು. ಪಾಠವು ನಿಷೇಧರೂಪದಲ್ಲಿದ್ದರೂ, ಅದರಿಂದ ಕೆಲಸದ ಪೂರ್ವಾಪರಕ್ರಮವೆಲ್ಲವೂ ದೊರೆಯುತ್ತದೆ. ಕತ್ತರಿಸುವುದಕ್ಕಿಂತ ಮೊದಲು ಯೋಜನೆ, ಗಟ್ಟಿಯಾಗಿ ಹೊಲಿಯುವುದಕ್ಕಿಂತ ಮೊದಲು ತಾತ್ಕಾಲಿಕವಾದ ಬಂಧನ, ಎಲ್ಲಕ್ಕೂ ಕಡೆಯಲ್ಲಿ ಸುತ್ತಣ ಅಂಚು. ಇಂದಿಗೂ ಅನುಭವಿಗಳು ಹೇಳಿಕೊಡುವ ಕ್ರಮವು ಇದೇ ಆಗಿದೆ.

ಒಂದೇ ದಿನದಲ್ಲಿ ಮುಗಿಯಬೇಕೆಂಬ ನಿಯಮದಿಂದ ಇನ್ನೊಂದು ಪರಿಣಾಮವುಂಟಾಯಿತು. ಒಬ್ಬನಿಂದಲೇ ಆಗದ ಕೆಲಸಕ್ಕೆ ಹಲವರು ಕೈಹಾಕಬೇಕಾಯಿತು. ಬಲ್ಲವರ ಮಗ್ಗುಲಲ್ಲಿ ಅರಿಯದವರು ಕುಳಿತರು. ಧಮ್ಮಪದದ ಅಟ್ಠಕಥೆಯಲ್ಲಿ ಅರಹಂತವಗ್ಗಕ್ಕೆ ಸೇರಿದ ಅನುರುದ್ಧನ ಕಥೆಯು ಇದಕ್ಕೆ ಒಳ್ಳೆಯ ದೃಷ್ಟಾಂತವಾಗಿದೆ. ಅನುರುದ್ಧನಿಗೆ ಚೀವರವನ್ನು ಹೊಲಿಯುವ ದಿನ ಮಹಾಕಾಶ್ಯಪನು ಬುಡದಲ್ಲಿಯೂ, ಸಾರಿಪುತ್ರನು ನಡುವೆಯೂ, ಆನಂದನು ತುದಿಯಲ್ಲಿಯೂ ಕುಳಿತರಂತೆ. ಭಿಕ್ಷುಸಂಘವು ದಾರವನ್ನು ಹೊಸೆಯಿತಂತೆ. ಮೌದ್ಗಲ್ಯಾಯನನು ಬೇಕಾದುದನ್ನು ತಂದುಕೊಡುತ್ತ ತಿರುಗಾಡಿದನಂತೆ. ಬುದ್ಧನು ಸೂಜಿಯ ಕಣ್ಣಿಗೆ ದಾರವನ್ನು ಪೋಣಿಸಿದನಂತೆ. ಕಥೆಯ ಐತಿಹಾಸಿಕ ಪ್ರಾಮಾಣ್ಯವು ಹೇಗೆಯೇ ಇರಲಿ, ಅಟ್ಠಕಥೆಯ ಕಾಲದ ಸಂಘವು ಹೊಲಿಗೆಯನ್ನು ಕೀಳುಕೆಲಸವೆಂದು ಎಣಿಸಲಿಲ್ಲವೆಂಬುದಕ್ಕೆ ಇದು ಸಾಕಾದ ಪ್ರಮಾಣವಾಗಿದೆ. ದಾರವನ್ನು ಪೋಣಿಸುವ ಕೆಲಸವು ಸಾಮಾನ್ಯವಾಗಿ ಮಕ್ಕಳಿಗೂ ಹೊಸಬರಿಗೂ ಬೀಳತಕ್ಕದ್ದು. ಕಥಾಕಾರನು ಅದನ್ನು ಶಾಸ್ತೃವಿಗೇ ಒಪ್ಪಿಸಿದ್ದಾನೆ.

೬

ನಿಯಮವು ಎಷ್ಟೇ ಸ್ಪಷ್ಟವಾಗಿದ್ದರೂ ಬಟ್ಟೆಯು ಸಾಲದೆ ಹೋಗಬಹುದು. ಅಂತಹ ಸಂದರ್ಭದಲ್ಲಿ ಮಹಾವಗ್ಗವು ಮೆಟ್ಟಿಲುಮೆಟ್ಟಿಲಾಗಿ ಸಡಿಲಿಕೆಯನ್ನು ಕೊಡುತ್ತದೆ. ಮೂರು ವಸ್ತ್ರಗಳಲ್ಲಿ ಎರಡು ಛಿನ್ನಕಗಳಾಗಿ ಒಂದು ಅಖಂಡವಾಗಿರಬಹುದು. ಅದಕ್ಕೂ ಸಾಲದಿದ್ದರೆ ಒಂದು ಛಿನ್ನಕವಾಗಿ ಎರಡು ಅಖಂಡವಾಗಿರಬಹುದು. ಅದಕ್ಕೂ ಸಾಲದಿದ್ದರೆ ಅನ್ವಾಧಿಕವನ್ನು ಸೇರಿಸಬಹುದು. ಅನ್ವಾಧಿಕವೆಂದರೆ ಬಟ್ಟೆಯನ್ನು ಕತ್ತರಿಸದೆಯೇ ಅದರ ಮೇಲೆ ಬೇರೆಯೊಂದು ಪಟ್ಟಿಯನ್ನಿಟ್ಟು ಹೊಲಿಯುವುದು. ಅಂಚಿಗೆ ಅಂಚನ್ನು ಕೂಡಿಸುವ ಛಿನ್ನಕವೂ, ಹಾಸಿನ ಮೇಲೆ ತುಂಡನ್ನು ಕೂರಿಸುವ ಅನ್ವಾಧಿಕವೂ ಬೇರೆ ಬೇರೆ ಪ್ರಕ್ರಿಯೆಗಳೆಂಬುದನ್ನು ಗ್ರಂಥವು ಎರಡು ಶಬ್ದಗಳಿಂದ ಗುರುತಿಸಿದೆ. ಈಚಿನ ಬರೆಹಗಳಲ್ಲಿ ಇವೆರಡನ್ನೂ 'ತೇಪೆಯ ಕೆಲಸ'ವೆಂದು ಒಂದೇ ಹೆಸರಿನಿಂದ ಕರೆದು ಗೊಂದಲಪಡಿಸುವುದುಂಟು.

ಪದರಗಳ ವಿಷಯದಲ್ಲಿಯೂ ವಿವರವಿದೆ. ಹೊಸ ಬಟ್ಟೆಯಾದರೆ ಸಂಘಾಟಿಯು ಎರಡು ಪದರ, ಉಳಿದೆರಡು ವಸ್ತ್ರಗಳು ಒಂದೊಂದು ಪದರ. ಬಳಸಿ ಹಳತಾದ ಬಟ್ಟೆಯಾದರೆ ಸಂಘಾಟಿಯು ನಾಲ್ಕು ಪದರ, ಉಳಿದುವು ಎರಡೆರಡು ಪದರ. ಕಸದ ರಾಶಿಯಿಂದ ಆಯ್ದ ಪಾಂಸುಕೂಲದ ಬಟ್ಟೆಗೆ ಈ ಮಿತಿಯೂ ಇಲ್ಲ. ಬಟ್ಟೆಯ ಬಲವು ಕುಂದಿದಷ್ಟೂ ಪದರಗಳನ್ನು ಹೆಚ್ಚಿಸಬೇಕೆಂಬ ಈ ಲೆಕ್ಕವು ಎಲ್ಲ ಕೌದಿಗಳ ಮೂಲತತ್ತ್ವವಾಗಿದೆ. ಸಂಘಾಟಿಯ ತುಂಡುಗಳು ಜೀರ್ಣವಾಗಿ ಬಿಡತೊಡಗಿದಾಗ ಅಟ್ಠಪದಕವನ್ನು ಮಾಡಬಹುದೆಂದು ಇನ್ನೊಂದು ಅನುಜ್ಞೆಯಿದೆ. ಅಷ್ಟಾಪದವು ಎಂಟೆಂಟು ಮನೆಗಳ ಆಟದ ಹಲಗೆ. ಆದುದರಿಂದ ಉದ್ದಕ್ಕೂ ಅಡ್ಡಕ್ಕೂ ಹೊಲಿಗೆಯನ್ನು ಹಾಯಿಸಿ ಬಟ್ಟೆಯನ್ನು ಚೌಕಚೌಕವಾಗಿ ಹಿಡಿದುನಿಲ್ಲಿಸುವುದೇ ಅಟ್ಠಪದಕವೆಂದು ತಿಳಿಯಬಹುದು.

ಈ ವಿದ್ಯೆಯು ಧರ್ಮದೊಡನೆ ದೂರದೇಶಗಳಿಗೂ ಹೋಯಿತು. ೧೯೦೭ರಲ್ಲಿ ಆರೆಲ್ ಸ್ಟೈನ್ ಅವರು ಚೀನಾದೇಶದ ದುನ್‌ಹುವಾಂಗ್ ಗುಹೆಗಳಿಂದ ತಂದ ವಸ್ತುಗಳಲ್ಲಿ, ಬಗೆಬಗೆಯ ರೇಷ್ಮೆಯ ಆಯತಾಕಾರದ ತುಂಡುಗಳನ್ನು ಕೂಡಿಸಿದ ಟಾಂಗ್ ಅರಸರ ಕಾಲದ ಒಂದು ಬಟ್ಟೆಯುಂಟು. ಅದು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಜಪಾನಿನಲ್ಲಿ ಕಾಷಾಯಶಬ್ದವು ಕೇಸಾ ಎಂದಾಗಿ, ಚೀವರಕ್ಕೆ ಪುಣ್ಯಕ್ಷೇತ್ರದ ವಸ್ತ್ರವೆಂಬರ್ಥದ ಹೆಸ್ರೂ ಬಂದಿದೆ. ಮಗಧದ ಗದ್ದೆಯು ಈ ಹೆಸರಿನಲ್ಲಿ ಇನ್ನೂ ಉಳಿದಿದೆ. ಝೆನ್ ಪಂಥದ ಆಚಾರ್ಯನಾದ ದೋಗೆನನು ೧೨೪೦ರಲ್ಲಿ ಕೇಸಾದ ಮಹಿಮೆಯನ್ನೇ ವಿಷಯವನ್ನಾಗಿ ಮಾಡಿಕೊಂಡು ಒಂದು ಪ್ರಕರಣವನ್ನು ರಚಿಸಿದನು. ಇಪ್ಪತ್ತನೆಯ ಶತಮಾನದಲ್ಲಿ ಸವಾಕಿ ಕೋದೋ (೧೮೮೦-೧೯೬೫) ಅವರು ಕೈಯಿಂದ ಚೀವರವನ್ನು ಹೊಲಿಯುವ ಪದ್ಧತಿಗೆ ಮತ್ತೆ ಪ್ರಾಶಸ್ತ್ಯವನ್ನು ತಂದರು. ಅವರ ಪರಂಪರೆಯಲ್ಲಿ ದೀಕ್ಷೆಯನ್ನು ಪಡೆಯುವವನು ತನ್ನ ವಸ್ತ್ರವನ್ನು ತಾನೇ ಹೊಲಿಯಬೇಕು. ಸೂಜಿಯನ್ನು ಎಂದೂ ಹಿಡಿಯದವನಿಗೂ ಈ ನಿಯಮದಿಂದ ಬಿಡುಗಡೆಯಿಲ್ಲ.

೭

ಕರ್ಣಾಟಕಕ್ಕೂ ಈ ವಿಷಯಕ್ಕೂ ಇರುವ ಸಂಬಂಧವು ಎರಡು ಬಗೆಯದು. ಅಶೋಕನ ಕಾಲದಲ್ಲಿ ರಕ್ಖಿತಥೇರನು ವನವಾಸಕ್ಕೂ ಮಹಾದೇವಥೇರನು ಮಹಿಷಮಂಡಲಕ್ಕೂ ಕಳುಹಿಸಲ್ಪಟ್ಟರೆಂದು ಮಹಾವಂಸವು ಹೇಳುತ್ತದೆ. ವನವಾಸವು ಬನವಾಸಿಯ ಪ್ರದೇಶವೆಂಬುದು ಬಹುಜನರ ಮತವಾಗಿದೆ. ಭಿಕ್ಷುಗಳು ಬಂದೆಡೆಗೆ ಅವರ ಚೀವರವೂ ಬಂದಿರಲೇಬೇಕು. ಆ ಪರಂಪರೆಯು ಇಲ್ಲಿ ಕಾಲಾಂತರದಲ್ಲಿ ಅಳಿದರೂ, ಈಚೆಗೆ ಬೇರೊಂದು ಮಾರ್ಗದಿಂದ ಮತ್ತೆ ಬಂದಿದೆ. ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡಿನಲ್ಲಿ ೧೯೬೬ರಲ್ಲಿ ಟಿಬೆಟ್ಟಿನ ನಿರಾಶ್ರಿತರ ನೆಲೆಯು ಸ್ಥಾಪಿತವಾಗಿ, ಡ್ರೆಪುಂಗ್ ಮತ್ತು ಗಾಂದೆನ್ ವಿಹಾರಗಳು ಅಲ್ಲಿ ಪುನಃ ನೆಲೆಗೊಂಡುವು. ಅಲ್ಲಿಯ ಭಿಕ್ಷುಗಳು ಮೂಲಸರ್ವಾಸ್ತಿವಾದ ವಿನಯವನ್ನು ಅನುಸರಿಸಿ ಖಂಡಖಂಡವಾಗಿ ಕೂಡಿಸಿದ ಚೀವರಗಳನ್ನೇ ಧರಿಸುತ್ತಾರೆ.

ಅದೇ ಜಿಲ್ಲೆಯ ಮುಂಡಗೋಡು, ಹಳಿಯಾಳ, ಯಲ್ಲಾಪುರ ಮೊದಲಾದ ತಾಲ್ಲೂಕುಗಳಲ್ಲಿ ಆಫ್ರಿಕಮೂಲದವರಾದ ಸಿದ್ದಿಯರು ವಾಸಿಸುತ್ತಾರೆ. ಇವರಿಗೆ ೨೦೦೩ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನವು ದೊರೆಯಿತು. ಸಿದ್ದಿಯ ಸ್ತ್ರೀಯರು ಹೊಲಿಯುವ ಕವಂದಿಗಳನ್ನು ಆಫ್ರಿಕದ ಕಲೆಯ ಇತಿಹಾಸಜ್ಞರಾದ ಹೆನ್ರಿ ಡ್ರೂವಲ್ ಅವರು ಪರಿಶೀಲಿಸಿ ವಿವರಿಸಿದ್ದಾರೆ. ಕವಂದಿಯ ಕ್ರಮವು ಚೀವರದ ಕ್ರಮಕ್ಕೆ ಸಂಪೂರ್ಣವಾಗಿ ಭಿನ್ನವಾದುದು. ಇಲ್ಲಿ ಮೊದಲೇ ಕಟ್ಟಿಡುವ ಖಂಡಗಳಿಲ್ಲ. ಹಳೆಯ ಸೀರೆಯೊಂದನ್ನು ಅಡಿಯಲ್ಲಿ ಹಾಸಿ, ಒಂದು ಮೂಲೆಯಿಂದ ಆರಂಭಿಸಿ, ಅಂಚನ್ನು ಹಿಡಿದು ಸುತ್ತುತ್ತ, ಒಂದೊಂದಾಗಿ ತುಂಡುಗಳನ್ನಿಟ್ಟು, ಒಡನೆಯೇ ಎಲ್ಲ ಪದರಗಳನ್ನೂ ಕೂಡಿಸಿ ಹೊಲಿಯುತ್ತ, ಕಡೆಗೆ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗಳಲ್ಲಿ ಫೂಲಗಳೆಂಬ ಮಡಿಸಿದ ತುಂಡುಗಳನ್ನಿಡುವುದು ಸಂಪ್ರದಾಯ. ಅವಿಲ್ಲದ ಕವಂದಿಯು ಬತ್ತಲೆಯೆಂದು ಅವರ ಭಾವನೆ. ವಿನಯದ ಪರಿಭಾಷೆಯಲ್ಲಿ ಹೇಳುವುದಾದರೆ ಚೀವರವು ಛಿನ್ನಕ, ಕವಂದಿಯು ಅನ್ವಾಧಿಕ. ಚೀವರದಲ್ಲಿ ನಡುವಣ ವಿವಟ್ಟವು ಮೊದಲು ನಿಶ್ಚಿತವಾಗಿ ಪಕ್ಕಗಳು ಅದನ್ನು ಅನುಸರಿಸುತ್ತವೆ. ಕವಂದಿಯಲ್ಲಿ ಅಂಚು ಮೊದಲು, ನಡುವು ಕಡೆಗೆ. ಆದಕಾರಣ ಒಂದರಿಂದ ಒಂದು ಹುಟ್ಟಿತೆಂಬ ಕಲ್ಪನೆಗೆ ಅವಕಾಶವಿಲ್ಲ. ಮೊದಲೇ ಯೋಜಿಸಿ ಕಟ್ಟುವುದು ಒಂದು ಮಾರ್ಗ, ಕಟ್ಟುತ್ತ ಯೋಜಿಸುವುದು ಇನ್ನೊಂದು ಮಾರ್ಗ, ಎರಡಕ್ಕೂ ಕ್ರಮವುಂಟು. ಉತ್ತರ ಕರ್ಣಾಟಕದ ಮನೆಮನೆಗಳಲ್ಲಿ ಹಳೆಯ ಸೀರೆಧೋತರಗಳ ಪದರಗಳನ್ನು ಕೂಡಿಸಿ ಹೊಲಿಯುವ ಕೌದಿಗೂ ಅದರದೇ ಆದ ಕ್ರಮವುಂಟೆಂಬುದನ್ನು ಅದನ್ನು ಹೊಲಿಯುವವರೆಲ್ಲರೂ ಬಲ್ಲರು.

ಹಾಗಿದ್ದರೆ ಭೇದವೆಲ್ಲಿದೆ? ಚೀವರದ ಕ್ರಮವು ಬರೆಹಕ್ಕೆ ಬಂದಿತು, ಕೌದಿಯ ಕ್ರಮವು ಬರೆಹಕ್ಕೆ ಬರಲಿಲ್ಲ, ಭೇದವಿರುವುದು ಇಷ್ಟರಲ್ಲಿಯೇ. ಭಿಕ್ಷುಗಳು ಆರಂಭಿಕರಾಗಿ ಎಸಗಿದ ತಪ್ಪುಗಳನ್ನೂ ಸಂಘವು ನೆನಪಿನಲ್ಲಿಟ್ಟು, ಬಾಯಿಪಾಠಮಾಡಿ, ಕಡೆಗೆ ಗ್ರಂಥಸ್ಥವಾಗಿ ಮಾಡಿದುದರಿಂದ ಕುಸಿ, ಮಂಡಲ, ಮೋಘಸೂತ್ರ ಎಂಬ ಶಬ್ದಗಳು ಇಂದಿಗೂ ಉಳಿದಿವೆ. ತಾಯಿಯು ಮಗಳ ಕೈಯನ್ನು ಹಿಡಿದು ಕಲಿಸಿದ ಪಾಠವನ್ನು ಯಾರೂ ಬರೆದಿಡಲಿಲ್ಲ. ಅದರಿಂದ ಆ ಪಾಠವೇ ಇರಲಿಲ್ಲವೆಂದು ಊಹಿಸುವುದು ನ್ಯಾಯವಲ್ಲ.

ಈ ವಿಚಾರದಿಂದ ಸಿದ್ಧವಾಗುವ ಅಂಶಗಳನ್ನು ಸಂಗ್ರಹಿಸಿ ಹೇಳುವುದಾದರೆ: ತುಂಡುಬಟ್ಟೆಯ ಜೋಡಣೆಗೆ ಭಾರತದಲ್ಲಿ ಪ್ರಾಚೀನವಾದ ಪರಿಭಾಷೆಯುಂಟು, ಆ ಪರಿಭಾಷೆಯು ಆರಂಭಿಕರಿಗೆ ಬೋಧಿಸುವ ಉದ್ದೇಶಕ್ಕೆ ಅನುಗುಣವಾಗಿ ಅಂಗದಿಂದ ಅಂಗಿಗೆ ಏರುವ ಕ್ರಮದಲ್ಲಿದೆ, ಒಂದೊಂದು ಉಪಕರಣವೂ ಹೊಸಬನ ಒಂದೊಂದು ತಪ್ಪಿಗೆ ಉತ್ತರವಾಗಿ ಬಂದಿದೆ, ಜೋಡಣೆಯು ದಾರಿದ್ರ್ಯದಿಂದ ಮಾತ್ರವೇ ಹುಟ್ಟಿತೆಂಬ ಮತಕ್ಕೆ ಛಿನ್ನಕದ ವಿಧಿಯು ಬಾಧಕವಾಗಿದೆ. ಕನ್ನಡನಾಡಿನ ಕೌದಿ ಕವಂದಿಗಳ ಮಟ್ಟಿಗೆ ಈ ಕೆಲಸವು ಇನ್ನೂ ಆಗಬೇಕಾಗಿದೆ. ಹೊಲಿಯುವವರ ಬಾಯಲ್ಲಿರುವ ಅಂಗಗಳ ಹೆಸರುಗಳನ್ನೂ, ಹೊಲಿಗೆಯ ಬಗೆಗಳನ್ನೂ, ಕಲಿಯುವ ಹುಡುಗಿಗೆ ಮೊದಲು ಏನನ್ನು ಕೊಟ್ಟು ಆಮೇಲೆ ಏನನ್ನು ಕೊಡುತ್ತಾರೆಂಬುದನ್ನೂ ಸ್ಥಳದಲ್ಲಿಯೇ ಕೇಳಿ, ವಸ್ತುವನ್ನು ಮುಂದಿಟ್ಟುಕೊಂಡು ಬರೆದುಕೊಳ್ಳುವುದು ನಿಘಂಟುಕಾರರಿಗೂ ಇತಿಹಾಸಜ್ಞರಿಗೂ ಸಮಾನವಾದ ಕರ್ತವ್ಯವಾಗಿದೆ. ಸಂಕ್ಷೇಪವಾಗಿ ಹೇಳಿದುದನ್ನು ವಿಸ್ತಾರವಾಗಿ ತಿಳಿಯಬಲ್ಲ ಆನಂದರು ಆ ಮನೆಗಳಲ್ಲಿಯೂ ಇದ್ದರು. ಅವರ ಮಾತನ್ನು ಸಂಗ್ರಹಿಸತಕ್ಕವರು ಮಾತ್ರ ಬರಬೇಕಾಗಿದೆ.